ಕಾರಿಗೆ ನಗದೋ, ಕಂತೋ? ಶೋರೂಮಿಗೆ ಹೋಗುವ ಮುನ್ನ ಒಂದು ತೋಟದ ಲೆಕ್ಕ

ಅಡಿಕೆ ಸುಲಿದು, ಕಾಫಿ ಕಣದಿಂದ ಎದ್ದು, ಚೀಲಗಳ ತೂಕ ಮುಗಿದು ಬೆಳೆಗಾರನ ಖಾತೆಗೆ ನಾಲ್ಕು ಕಾಸು ಬಂದು ಬೀಳುವ ಹೊತ್ತಿಗೆ ಸರಿಯಾಗಿ ನಮ್ಮ ಪೇಟೆಗಳಲ್ಲಿ ಶಾಮಿಯಾನ ಏಳುತ್ತದೆ. ಅದರಡಿಯಲ್ಲಿ ಹೊಳೆಯುವ ಎರಡು ಕಾರು, ಒಂದು ಪಿಕಪ್, ಮೇಜಿನ ಹಿಂದೆ ಅಂಗಿ ಇಸ್ತ್ರಿ ಮಾಡಿದ ಇಬ್ಬರು ಹುಡುಗರು. ಒಬ್ಬ ಕಾರಿನ ಕಂಪೆನಿಯವನು, ಇನ್ನೊಬ್ಬ ಸಾಲದ ಕಂಪೆನಿಯವನು. 2024-25ರ ಹಂಗಾಮಿನಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ್ದನ್ನು ನಾವು ಬಲ್ಲೆವು, ಶಾಮಿಯಾನದವರೂ ಬಲ್ಲರು.

ಕಾರು ಕೊಳ್ಳಬಾರದೆಂದು ಹೇಳಲು ನಾವು ಈ ಲೇಖನ ಬರೆಯುತ್ತಿಲ್ಲ. ಮಳೆಗಾಲದಲ್ಲಿ ಹೆರಿಗೆ ನೋವು ಬಂದವರನ್ನು ಹತ್ತಾರು ಮೈಲಿ ಆಚೆಯ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಗೆ, ಸಂಜೆ ಬಸ್ಸು ತಪ್ಪಿದರೆ ಮರುದಿನದವರೆಗೆ ಗತಿಯಿಲ್ಲದ ಮನೆಗೆ, ನಾಲ್ಕು ಚಕ್ರದ ಗಾಡಿ ಸೋಗಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಬೆಳೆಯ ಹಣ ಕೈಯಲ್ಲಿರುವಾಗ ಪೂರ್ತಿ ಕೊಟ್ಟು ಬಿಡುವುದೋ, ಅಥವಾ ಮಾರಾಟಗಾರನೇ ಕುಳಿತಲ್ಲಿಗೆ ತಂದುಕೊಡುವ ಸಾಲ ಪಡೆದು ತಿಂಗಳು ತಿಂಗಳು ಕಟ್ಟುವುದೋ? ಸದಸ್ಯ ಬಾಂಧವರಲ್ಲಿ ಅನೇಕರು ಈ ಪ್ರಶ್ನೆಯನ್ನು ಕೇಳುವುದು ಗಾಡಿ ಮನೆಗೆ ಬಂದ ಮೇಲೆ. ಆಗ ಉತ್ತರ ಹೇಳಿ ಪ್ರಯೋಜನವಿಲ್ಲ.

ನಗದಿಗೆ ಮೊದಲಿನ ಮಾನ ಈಗಿಲ್ಲ

ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಅಂಬಾಸಿಡರ್‌ಗೋ ಫಿಯೆಟ್‌ಗೋ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. 1983ರಲ್ಲಿ ಮಾರುತಿ ಬಂದಾಗ 10,000 ರೂಪಾಯಿ ಮುಂಗಡ ಕಟ್ಟಿ, ಪಾಳಿಯಲ್ಲಿ ಹೆಸರು ಬಂದರೆ ಸಾಕೆಂದು ಜನ ಕಾದರು. ಹಣ ಹಿಡಿದು ನಿಂತವನೇ ಕೈಮುಗಿಯಬೇಕಿದ್ದ ಆ ದಿನಗಳಲ್ಲಿ 'ಪೂರ್ತಿ ನಗದು ಕೊಡುತ್ತೇನೆ' ಎಂಬ ಮಾತಿಗೆ ಒಂದು ತೂಕವಿತ್ತು. (ಆಗ ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ನಮ್ಮ ಕಾಫಿಯ ಹಣವೇ ಕಂತುಕಂತಾಗಿ ಬರುತ್ತಿತ್ತು. ಅಂದು ಕಂತು ಪಡೆಯುತ್ತಿದ್ದ ಬೆಳೆಗಾರ ಇಂದು ಕಂತು ಕಟ್ಟುವವನಾಗಿದ್ದಾನೆ!)

ಈಗ ಶೋರೂಮಿನ ಲೆಕ್ಕ ತಿರುಗಿದೆ. ಗಾಡಿಯೊಂದನ್ನು ಮಾರಿದ್ದಕ್ಕೆ ಸಿಗುವ ಲಾಭದ ಜೊತೆಗೆ, ಅದಕ್ಕೆ ಸಾಲ ಹಚ್ಚಿಸಿಕೊಟ್ಟರೆ ಸಾಲ ಕೊಡುವ ಕಂಪೆನಿಯಿಂದ ಮಾರಾಟಗಾರನಿಗೆ ಕಮಿಷನ್ ಉಂಟು. ವಿಮೆ ಮಾಡಿಸಿದರೆ ಅಲ್ಲೂ ಉಂಟು. ಹೀಗಿರುವಾಗ ಚೆಕ್ ಹಿಡಿದು ಬಂದ ಗಿರಾಕಿ ಶೋರೂಮಿನವರಿಗೆ ಅಷ್ಟೊಂದು ಪ್ರಿಯನಲ್ಲ. 'ಸಾರ್, ಹಣವನ್ನು ಯಾಕೆ ಸುಮ್ಮನೆ ಹಾಕುತ್ತೀರಿ, ಬ್ಯಾಂಕಿನಲ್ಲಿ ದುಡಿಯಲಿ, ನಾವು ಸಾಲ ಮಾಡಿಸಿಕೊಡುತ್ತೇವೆ' ಎಂಬ ಮಾತು ನಿಮ್ಮ ಮೇಲಿನ ಅಕ್ಕರೆಯಿಂದಲೇ ಬಂದದ್ದೆಂದು ತಿಳಿಯಬೇಕಾಗಿಲ್ಲ. ಆ ಮಾತಿನಲ್ಲಿ ಲೆಕ್ಕವೂ ಸರಿಯಿಲ್ಲ. ಠೇವಣಿಗೆ ಬ್ಯಾಂಕು ಕೊಡುವ ಬಡ್ಡಿ, ಸಾಲಕ್ಕೆ ಅದೇ ಬ್ಯಾಂಕು ಕೇಳುವ ಬಡ್ಡಿಗಿಂತ ಯಾವಾಗಲೂ ಕಡಿಮೆ. ಏಳಕ್ಕೆ ಇಟ್ಟು ಒಂಬತ್ತಕ್ಕೆ ಎತ್ತಿದವನ ಹಣ ದುಡಿಯುತ್ತಿರುವುದು ಬ್ಯಾಂಕಿಗಾಗಿ.

ಆದ್ದರಿಂದ ನಮ್ಮ ಮೊದಲ ಸಲಹೆ: ಹೇಗೆ ಹಣ ಕೊಡುತ್ತೀರೆಂಬುದನ್ನು ಮೊದಲೇ ಹೇಳಬೇಡಿ. ಗಾಡಿಯ ಆನ್‌ರೋಡ್ ಬೆಲೆಯನ್ನು ಬಾಬತ್ತು ಬಾಬತ್ತಾಗಿ ಬರೆಸಿಕೊಳ್ಳಿ. ಗಾಡಿಯ ಬೆಲೆ ಎಷ್ಟು, ರಾಜ್ಯದ ಆಜೀವ ತೆರಿಗೆ ಎಷ್ಟು, ನೋಂದಣಿಗೆ ಎಷ್ಟು, ವಿಮೆಗೆ ಎಷ್ಟು, ನೀವು ಕೇಳದಿದ್ದರೂ ಸೇರಿಸಿದ ಸೀಟು ಕವರು, ಮ್ಯಾಟು, ವಿಸ್ತರಿತ ವಾರಂಟಿಗೆ ಎಷ್ಟು, 'ಹ್ಯಾಂಡ್ಲಿಂಗ್' ಎಂಬ ಹೆಸರಿನಲ್ಲಿ ಏನಾದರೂ ಇದೆಯೇ, ಎಲ್ಲವೂ ಕಾಗದದ ಮೇಲೆ ಬರಲಿ. ರಿಯಾಯಿತಿ ಎಷ್ಟೆಂಬುದೂ ಬರಲಿ. ಅಷ್ಟಾದ ಮೇಲೆ ಹಣದ ಮಾತು.

ವಿಮೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿ ಮುಗಿಸುತ್ತೇವೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆಯನ್ನು ಒಟ್ಟಿಗೇ ಮೂರು ವರ್ಷಕ್ಕೆ ಮಾಡಿಸುವುದು ಕಡ್ಡಾಯ. ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಪೇಟೆಯ ವಿಮಾ ಏಜೆಂಟರಲ್ಲಿ ದರ ವಿಚಾರಿಸಿ ಹೋಲಿಸಿ ನೋಡಿ. ಹೊರಗಿನ ದರ ಹೇಳಿದೊಡನೆ ಶೋರೂಮಿನ ದರವೂ ಇಳಿಯುವುದುಂಟು.

ಏಳು ಎಂದರೆ ಏಳಲ್ಲ

ಈಗ ಮುಖ್ಯ ವಿಷಯ. ಶಾಮಿಯಾನದ ಹುಡುಗ 'ಬರೀ ಏಳು ಪರ್ಸೆಂಟ್ ಸಾರ್' ಎನ್ನುತ್ತಾನೆ. ಬ್ಯಾಂಕಿನ ಮ್ಯಾನೇಜರರು ಒಂಬತ್ತು ಎನ್ನುತ್ತಾರೆ. ಏಳು ಕಡಿಮೆಯೆಂಬುದು ಒಂದನೇ ತರಗತಿಯ ಮಕ್ಕಳಿಗೂ ಗೊತ್ತು. ಆದರೆ ಆ ಏಳು ಯಾವ ಏಳು ಎಂಬುದನ್ನು ಕೇಳಬೇಕು.

ಫ್ಲ್ಯಾಟ್ ದರ ಎಂಬುದೊಂದಿದೆ. ಅದರಲ್ಲಿ ನೀವು ಮೊದಲ ದಿನ ಪಡೆದ ಪೂರ್ತಿ ಅಸಲಿನ ಮೇಲೆ ಕೊನೆಯ ತಿಂಗಳವರೆಗೂ ಬಡ್ಡಿ ಹಾಕುತ್ತಾರೆ. ನಾಲ್ಕು ವರ್ಷ ಕಟ್ಟಿ ಅಸಲಿನ ಬಹುಭಾಗ ತೀರಿದ್ದರೂ, ಐದನೇ ವರ್ಷದ ಬಡ್ಡಿ ಮೊದಲ ದಿನದ ಅಸಲಿನ ಮೇಲೆಯೇ. ಗೇಣಿಗೆ ಪಡೆದ ಹತ್ತು ಎಕರೆಯಲ್ಲಿ ವರ್ಷಕ್ಕೆರಡು ಎಕರೆ ವಾಪಸು ಕೊಡುತ್ತಾ ಹೋದರೂ ಹತ್ತೆಕರೆಯ ಗೇಣಿಯನ್ನೇ ಅಳೆದಂತೆ. ಬ್ಯಾಂಕುಗಳು ಸಾಮಾನ್ಯವಾಗಿ ಹೇಳುವ ದರವಾದರೋ ಇಳಿಯುವ ಬಾಕಿಯ ಮೇಲಿನ ದರ. ಅಸಲು ತೀರಿದಷ್ಟೂ ಬಡ್ಡಿ ತಗ್ಗುತ್ತದೆ.

6 ಲಕ್ಷ ರೂಪಾಯಿ ಸಾಲ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ಫ್ಲ್ಯಾಟ್ ಏಳರಲ್ಲಿ ವರ್ಷಕ್ಕೆ 42,000ದಂತೆ ಐದು ವರ್ಷಕ್ಕೆ ಬಡ್ಡಿ 2,10,000. ಅಸಲು ಸೇರಿ 8,10,000. ಅರುವತ್ತರಿಂದ ಭಾಗಿಸಿದರೆ ತಿಂಗಳ ಕಂತು 13,500. ಇನ್ನು ಇಳಿಯುವ ಬಾಕಿಯ ಒಂಬತ್ತರಲ್ಲಿ ಅದೇ ಸಾಲದ ಕಂತು 12,455. ಐದು ವರ್ಷದ ಒಟ್ಟು ಬಡ್ಡಿ ಸುಮಾರು 1,47,300. 'ಏಳ'ಕ್ಕೆ ಪಡೆದವರು 'ಒಂಬತ್ತ'ಕ್ಕೆ ಪಡೆದವರಿಗಿಂತ 62,700 ರೂಪಾಯಿ ಹೆಚ್ಚು ಕಟ್ಟಿದಂತಾಯಿತು. ಆ ಫ್ಲ್ಯಾಟ್ ಏಳನ್ನು ಬ್ಯಾಂಕಿನ ಭಾಷೆಗೆ ತಿರುಗಿಸಿದರೆ ಹನ್ನೆರಡೂವರೆ ಆಗುತ್ತದೆ. ಇದರ ಮೇಲೆ ಮೊದಲ ಒಂದೆರಡು ಕಂತನ್ನು ಮುಂಗಡವಾಗಿಯೇ ಹಿಡಿದುಕೊಂಡರೆ ಕೈಗೆ ಬಂದ ಸಾಲ ಕಡಿಮೆಯಾಗಿ ದರ ಇನ್ನಷ್ಟು ಮೇಲೇರುತ್ತದೆ.

ಈ ಲೆಕ್ಕವನ್ನು ಪ್ರತಿಯೊಬ್ಬರೂ ಕಾಗದ ಪೆನ್ಸಿಲು ಹಿಡಿದು ಮಾಡಬೇಕಾಗಿಲ್ಲ. ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂತಹ ಸಾಲಗಳಿಗೆಲ್ಲ, ಕೊಡುವವರು ಬ್ಯಾಂಕೇ ಆಗಲಿ, ಫೈನಾನ್ಸ್ ಕಂಪೆನಿಯೇ ಆಗಲಿ, ಸಹಿಗೆ ಮೊದಲು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಒಂದು ವಿವರ ಪತ್ರ ಕೊಡಲೇಬೇಕು. ಅದರಲ್ಲಿ ಬಡ್ಡಿ ಮಾತ್ರವಲ್ಲದೆ ಪ್ರೊಸೆಸಿಂಗ್ ಶುಲ್ಕ, ದಾಖಲೆ ಶುಲ್ಕ, ಸಾಲಕ್ಕೆ ಅಂಟಿಸಿದ ವಿಮೆ ಎಲ್ಲವನ್ನೂ ಕೂಡಿಸಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆಂದು ಒಂದೇ ಅಂಕಿಯಲ್ಲಿ ಬರೆದಿರಬೇಕು. ಇದನ್ನು ಎಪಿಆರ್ ಎನ್ನುತ್ತಾರೆ. ಶಾಮಿಯಾನದ ಏಳನ್ನೂ ಬ್ಯಾಂಕಿನ ಒಂಬತ್ತನ್ನೂ ಬದಿಗಿಟ್ಟು ಎರಡು ಪತ್ರಗಳ ಎಪಿಆರ್ ಮಾತ್ರ ಹೋಲಿಸಿ. ಆ ಪತ್ರದಲ್ಲಿ ಕಾಣಿಸದ ಶುಲ್ಕವನ್ನು ಸಾಲದ ಅವಧಿಯಲ್ಲಿ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ಇನ್ನೂ ಎರಡು ಸಂಗತಿ ಅದೇ ನಿಯಮದಲ್ಲಿದೆ. ನಮ್ಮವರಿಗೆ ಇವೇ ಹೆಚ್ಚು ಉಪಯೋಗದವು. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಿ ವಿವರಿಸಿರಬೇಕು. ಅಂದರೆ 'ಕನ್ನಡದಲ್ಲಿ ಕೊಡಿ' ಎಂದು ಕೇಳುವುದು ನಿಮ್ಮ ಹಕ್ಕು, ದಾಕ್ಷಿಣ್ಯ ಬೇಡ. ಎರಡನೆಯದು, ಅದರಲ್ಲಿ ಹೇಳಿದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತದಲ್ಲಿರಬೇಕು. 'ಈ ದರ ಇವತ್ತು ಸಂಜೆಯವರೆಗೆ ಮಾತ್ರ ಸಾರ್' ಎಂದವನಿಗೆ ವಿವರ ಪತ್ರ ಕೊಡಲು ಹೇಳಿ, ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಓದಿ.

'ಬಡ್ಡಿಯೇ ಇಲ್ಲ' ಎಂಬ ಫಲಕಗಳೂ ಕಾಣಿಸುತ್ತವೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು 2013ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ತಿಳಿಹೇಳಿದೆ. ಬಡ್ಡಿ ಬೆಲೆಯಲ್ಲಿ ಅಡಗಿರುತ್ತದೆ, ಇಲ್ಲವೇ ಕೈಬಿಟ್ಟ ರಿಯಾಯಿತಿಯಲ್ಲಿ ಅಡಗಿರುತ್ತದೆ.

ಕೈಬಿಟ್ಟ ರಿಯಾಯಿತಿ ಎಂದೆವಲ್ಲ, ಅದನ್ನೂ ಬಿಡಿಸೋಣ. ಕೆಲವೊಮ್ಮೆ ಗಾಡಿ ತಯಾರಿಸುವ ಕಂಪೆನಿಯೇ ಬಡ್ಡಿಯ ಒಂದು ಭಾಗವನ್ನು ತಾನು ಭರಿಸಿ ನಿಜಕ್ಕೂ ಅಗ್ಗದ ಸಾಲ ಕೊಡಿಸುತ್ತದೆ. ಆದರೆ ಆಗ ನಗದು ರಿಯಾಯಿತಿ ಇರುವುದಿಲ್ಲ. 'ಇದು ಬೇಕೋ, ಅದು ಬೇಕೋ' ಎನ್ನುತ್ತಾರೆ. 5 ಲಕ್ಷ ಸಾಲ ಬೇಕಿರುವ ಗಿರಾಕಿಗೆ ಒಂದು ಕಡೆ ಶೇಕಡಾ 6ರ ಸಾಲ, ಇನ್ನೊಂದು ಕಡೆ 40,000 ರಿಯಾಯಿತಿ ಇದೆಯೆನ್ನಿ. ರಿಯಾಯಿತಿ ಪಡೆದರೆ ಹೊರಗಿನ ಬ್ಯಾಂಕಿನಲ್ಲಿ 4,60,000 ಸಾಲ ಸಾಕು. ಮೂರು ವರ್ಷಕ್ಕೆ ಶೇಕಡಾ 9ರಂತೆ ಇದರ ಕಂತು 14,628. ಶೋರೂಮಿನ ಶೇಕಡಾ 6ರ 5 ಲಕ್ಷಕ್ಕೆ ಕಂತು 15,211. ಅಗ್ಗದ ಬಡ್ಡಿಯವನೇ ತಿಂಗಳಿಗೆ 583 ರೂಪಾಯಿ, ಮೂರು ವರ್ಷಕ್ಕೆ ಸುಮಾರು 21,000 ರೂಪಾಯಿ ಹೆಚ್ಚು ತೆತ್ತ. ಎಲ್ಲ ಸಂದರ್ಭದಲ್ಲೂ ಹೀಗೇ ಆಗುತ್ತದೆಂದಲ್ಲ. ರಿಯಾಯಿತಿ ಚಿಕ್ಕದು, ಸಾಲ ದೊಡ್ಡದು, ಅವಧಿ ಉದ್ದವಾದರೆ ಅಗ್ಗದ ಬಡ್ಡಿಯೇ ಗೆಲ್ಲಬಹುದು. ಕಂತಿಗೆ ಕಂತನ್ನು ಇಟ್ಟು ನೋಡದೆ ಹೇಳಲಾಗದು.

ಮಾರ್ಚಿನ ಹಣ ಮಾರ್ಚಿನದಲ್ಲ

ಇಷ್ಟು ಓದಿದವರು 'ಹಾಗಾದರೆ ನಗದೇ ಒಳ್ಳೆಯದು, ಮುಗಿಯಿತಲ್ಲ' ಎನ್ನಬಹುದು. ಸಂಬಳದಾರನಿಗಾದರೆ ನಾವೂ ಹಾಗೆಯೇ ಹೇಳುತ್ತಿದ್ದೆವು. ಅವನಿಗೆ ತಿಂಗಳ ಕೊನೆಗೆ ಮತ್ತೆ ಹಣ ಬರುತ್ತದೆ. ಬೆಳೆಗಾರನ ಸ್ಥಿತಿ ಬೇರೆ. ನಮ್ಮ ಖಾತೆಯಲ್ಲಿ ಮಾರ್ಚ್ ಕೊನೆಗೆ ಕಾಣುವ ಮೊತ್ತ ವರ್ಷಪೂರ್ತಿ ನಡೆಯಬೇಕಾದ ಹಣ.

ಯೋಚಿಸಿ ನೋಡಿ. ಹೂಮಳೆ ಸಕಾಲಕ್ಕೆ ಬಾರದಿದ್ದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಿಡಿಯಬೇಕು, ಡೀಸೆಲ್ ಬೇಕು. ಮೇ ತಿಂಗಳಲ್ಲಿ ಮಳೆಗೆ ಮುಂಚಿನ ಗೊಬ್ಬರ. ಅದರ ಬೆನ್ನಿಗೇ ಅಡಿಕೆಗೆ ಬೋರ್ಡೋ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮರ ಹತ್ತುವವರ ಅಥವಾ ದೋಟಿಯವರ ಕೂಲಿ. ಜೂನಿನಲ್ಲಿ ಮಕ್ಕಳ ಶಾಲೆ ಕಾಲೇಜು ಫೀಸು. ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಬೋರ್ಡೋ, ಮಳೆ ಬಿಡದಿದ್ದರೆ ಮೂರನೆಯದೂ. ಕಳೆ, ಮರಗಸಿ, ಚಿಗುರು ತೆಗೆಯುವುದು, ಮಳೆ ಇಳಿದ ಮೇಲಿನ ಗೊಬ್ಬರ, ಅರೇಬಿಕಾ ಇದ್ದವರಿಗೆ ಕಾಂಡಕೊರಕದ ಕಾಟ. ಮತ್ತೆ ಕೊಯ್ಲಿನ ಆಳುಗಳಿಗೆ ಮುಂಗಡ. ಇದೆಲ್ಲ ಹೋಗುವ ಹಣ. ಬರುವ ಹಣ ಕಣದಲ್ಲಿ ಒಣಗಿದ ಮೇಲೆ.

ಐದೆಕರೆಯ ಒಬ್ಬ ಬೆಳೆಗಾರನನ್ನು ಕಲ್ಪಿಸಿಕೊಳ್ಳೋಣ. ರೊಬಸ್ಟಾ, ಮರಗಳಿಗೆ ಹಬ್ಬಿದ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಹಳೆಯ ಬಾಕಿ ತೀರಿಸಿ ಮಾರ್ಚ್ ಕೊನೆಗೆ ಕೈಯಲ್ಲಿ 10 ಲಕ್ಷ. ನೋಡಿಟ್ಟ ಕಾರಿನ ಆನ್‌ರೋಡ್ ಬೆಲೆ ಒಂಬತ್ತೂವರೆ ಲಕ್ಷ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ತೋಟಕ್ಕೂ ಮನೆಗೂ ಸೇರಿ 5 ಲಕ್ಷ ಬೇಕು.

ಪೂರ್ತಿ ನಗದು ಕೊಟ್ಟರೆ ಉಳಿದದ್ದು 50,000. ಕೊರತೆ ನಾಲ್ಕೂವರೆ ಲಕ್ಷ. ಅದನ್ನು ಜೂನಿನಿಂದೀಚೆಗೆ ಅಲ್ಲಿಷ್ಟು ಇಲ್ಲಿಷ್ಟು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ಎತ್ತಿ, ಸರಾಸರಿ ಆರು ತಿಂಗಳು ಇಟ್ಟುಕೊಂಡರೆ ಬಡ್ಡಿ 54,000. ಕಾಫಿ ಕೊಳ್ಳುವವರಿಂದಲೇ ಮುಂಗಡ ಪಡೆದರೆ ಕೆಲವೊಮ್ಮೆ ಬಡ್ಡಿಯ ಮಾತೇ ಬರುವುದಿಲ್ಲ. ಆದರೆ ಕಾಫಿ ಅವರಿಗೇ, ಅವರು ಹೇಳಿದ ದಿನ, ಅವರು ಹೇಳಿದ ಬೆಲೆಗೆ. 80 ಚೀಲ ಚೆರಿಗೆ ಚೀಲಕ್ಕೆ 500 ಕಡಿಮೆ ಸಿಕ್ಕರೂ 40,000 ಹೋಯಿತು. 'ನಗದು ಕೊಟ್ಟು ಕಾರು ತಂದೆ, ಒಂದು ಪೈಸೆ ಸಾಲವಿಲ್ಲ' ಎಂದು ಹೇಳಿಕೊಳ್ಳುವವರ ಪೈಕಿ ಎಷ್ಟು ಮಂದಿ ಆ ವರ್ಷದ ಫಸಲನ್ನು ಗಿಡದಲ್ಲಿರುವಾಗಲೇ ಒಪ್ಪಿಸಿರುತ್ತಾರೆ ಎಂಬುದನ್ನು ಊರಿನಲ್ಲಿ ಸುಮ್ಮನೆ ಗಮನಿಸಿ.

ಅದೇ ಬೆಳೆಗಾರ ಮೂರೂವರೆ ಲಕ್ಷ ಕೈಯಿಂದ ಹಾಕಿ 6 ಲಕ್ಷವನ್ನು ಬ್ಯಾಂಕಿನಲ್ಲಿ ಒಂಬತ್ತಕ್ಕೆ ಪಡೆದರೆ? ಕೈಯಲ್ಲಿ ಆರೂವರೆ ಲಕ್ಷ ಉಳಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಮಂದಿ ಮರೆಯುತ್ತಾರೆ. ಹೊಸ ಫಸಲು ಬರುವ ಮುಂಚೆಯೇ ಒಂಬತ್ತು ಕಂತು ಹೋಗುತ್ತದೆ, ಅದು 1,12,095. ಅದನ್ನು ಕಳೆದರೆ ಉಳಿಯುವುದು ಸುಮಾರು 5,38,000. ತೋಟಕ್ಕೆ ಸಾಕು, ಮೇಲೆ ಮೂವತ್ತೆಂಟು ಸಾವಿರದ ಆಸರೆ. ಮೊದಲ ವರ್ಷದ ಬಡ್ಡಿ ಸುಮಾರು 50,000. ಕೈಸಾಲದ ಬಡ್ಡಿಯೂ ಇದೂ ಹೆಚ್ಚು ಕಡಿಮೆ ಸಮ ಎಂದು ನೀವು ಹೇಳಬಹುದು, ನಿಜ. ಆದರೆ ಇಲ್ಲಿ ಫಸಲು ನಿಮ್ಮದೇ ಆಗಿ ಉಳಿಯಿತು. ಜನವರಿಯ ಬೆಲೆ ಬೇಡವೆಂದರೆ ಏಪ್ರಿಲ್‌ವರೆಗೆ ಗೋದಾಮಿನಲ್ಲಿಡಬಹುದು. ಅಡಿಕೆ ಚಾಲಿಯವರಿಗಂತೂ ಕಾಯುವ ಶಕ್ತಿಯೇ ಅರ್ಧ ಬೆಲೆ.

ಮತ್ತೊಬ್ಬ ಬೆಳೆಗಾರನಿಗೆ ಉತ್ತರ ಬೇರೆಯಾಗಬಹುದು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ, ಮಿತಿಯೊಳಗೆ, ಸಕಾಲಕ್ಕೆ ತೀರಿಸುವವರಿಗೆ ಶೂನ್ಯ ಬಡ್ಡಿಯ ಬೆಳೆಸಾಲ ಉಂಟು. ಈ ಮಿತಿಯನ್ನು ಮುಟ್ಟದೆ ಹಾಗೆಯೇ ಇಟ್ಟುಕೊಂಡಿರುವವರು ತೋಟದ ಖರ್ಚಿಗೆ ಅದನ್ನು ಪಡೆದು, ಕೈಹಣದಿಂದ ಕಾರು ತಂದರೆ ನಗದಿಗೆ ಸಮನಾದ ದಾರಿ ಇಲ್ಲ. ತಿರುಗಿಸಿ ಮಾಡಬಾರದು. ಬೆಳೆಸಾಲ ಎತ್ತಿ ಕಾರಿಗೆ ಸುರಿಯುವುದು ನಿಯಮಕ್ಕೂ ವಿರುದ್ಧ, ಗಡುವು ತಪ್ಪಿದರೆ ಶೂನ್ಯ ಬಡ್ಡಿಯ ಸವಲತ್ತೂ ಹೋಗುತ್ತದೆ. ಕಾರಿನ ಕಂತು ಕಟ್ಟಲು ಹೋಗಿ ಬೆಳೆಸಾಲ ಸುಸ್ತಿಯಾದರೆ ಆ ನಷ್ಟ ಕಾರಿನ ಲೆಕ್ಕಕ್ಕೇ ಬರೆಯಬೇಕು.

ಇನ್ನೊಂದು ದಾರಿಯನ್ನು ಶಾಮಿಯಾನದವರು ಹೇಳುವುದಿಲ್ಲ. ನಮ್ಮ ಆ ಐದೆಕರೆಯ ಬೆಳೆಗಾರನಿಗೆ ಒಂಬತ್ತೂವರೆ ಲಕ್ಷದ ಕಾರು ಬೇಕೇ ಬೇಕೆ? ಚೆನ್ನಾಗಿ ನೋಡಿಕೊಂಡ, ಕಾಗದಪತ್ರ ಸರಿಯಿರುವ ಎರಡನೇ ಕೈ ಗಾಡಿ 5 ಲಕ್ಷದೊಳಗೆ ಸಿಕ್ಕರೆ ನಗದು ಕೊಟ್ಟೂ ತೋಟದ 5 ಲಕ್ಷ ಹಾಗೆಯೇ ಉಳಿಯುತ್ತದೆ. ಬಡ್ಡಿಯೂ ಇಲ್ಲ, ಕಂತೂ ಇಲ್ಲ. ನಮ್ಮ ಮಣ್ಣುರಸ್ತೆಯ ಕೆಸರಿಗೆ ಗಾಡಿ ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಸಣ್ಣ ಹಿಡುವಳಿದಾರರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಹೊಸದನ್ನೇ ನೋಡುವವರು, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಹಾಗೂ ಸರಕು ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದದ್ದನ್ನು ನೆನಪಿಟ್ಟುಕೊಳ್ಳಿ. ಅದಕ್ಕೆ ಹಿಂದಿನ ಬೆಲೆಗಳನ್ನು ಹಿಡಿದು ಹಳೆ ಗಾಡಿಗೆ ದರ ಹೇಳುವವರನ್ನು ನಂಬಬೇಡಿ.

ಕಂತು ಹಿಡಿಯುವುದಾದರೆ

ಸಾಲವೇ ಸರಿಯೆಂದು ಕಂಡವರು ಶೋರೂಮಿನ ಮೇಜಿನಲ್ಲೇ ಸಹಿ ಹಾಕುವ ಅಗತ್ಯವಿಲ್ಲ. ನಿಮ್ಮ ಖಾತೆಯಿರುವ ಬ್ಯಾಂಕು, ಜಿಲ್ಲಾ ಸಹಕಾರ ಬ್ಯಾಂಕು, ನಿಮ್ಮ ಸಂಘ ಎಲ್ಲದರಲ್ಲೂ ವಿಚಾರಿಸಿ. ಠೇವಣಿ ಇದ್ದವರು ಅದನ್ನು ಮುರಿಯುವ ಬದಲು ಠೇವಣಿಯ ಮೇಲೆ ಸಾಲ ಪಡೆಯಬಹುದು. ಬಡ್ಡಿ ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಶೇಕಡಾ ಮೇಲೆ, ಅಷ್ಟೇ. ಗಾಡಿ ಒತ್ತೆಯಿಲ್ಲ, ತಿಂಗಳ ಕಂತಿನ ಒತ್ತಡವೂ ಇರುವುದಿಲ್ಲ. ಪಿಕಪ್ ಅಥವಾ ಜೀಪನ್ನು ತೋಟದ ಸಾಗಣೆಗೆಂದೇ ಕೊಳ್ಳುವವರು, ಕಂತನ್ನು ತಿಂಗಳಿಗೊಮ್ಮೆಯ ಬದಲು ಫಸಲಿಗೆ ಹೊಂದಿಸಿ ಆರು ತಿಂಗಳಿಗೋ ವರ್ಷಕ್ಕೋ ಇಡಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಕೇಳಿ. ಕೃಷಿ ವಾಹನಗಳಿಗೆ ಹಾಗೆ ಮಾಡಿಕೊಡುವ ಪದ್ಧತಿ ಇದೆ. ಶೋರೂಮಿನ ಮೇಜಿನವರು ಈ ಮಾತನ್ನು ತಾವಾಗಿ ಎತ್ತುವುದಿಲ್ಲ.

ತಿಂಗಳ ಕಂತೇ ಆದರೆ, ಫಸಲಿನ ಹಣ ಬಂದಾಗಲೇ ವರ್ಷದ ಹನ್ನೆರಡು ಕಂತನ್ನು ಬೇರೊಂದು ಖಾತೆಯಲ್ಲಿ ಕಟ್ಟಿಟ್ಟುಬಿಡಿ. ಮೇಲಿನ ಉದಾಹರಣೆಗೆ ಅದು ಒಂದೂವರೆ ಲಕ್ಷ. ಆ ಖಾತೆಯ ಎಟಿಎಂ ಕಾರ್ಡನ್ನು ಮನೆಯಾಕೆಯ ಕೈಗೆ ಕೊಟ್ಟರೆ ಇನ್ನೂ ಕ್ಷೇಮ. ಕೊಳೆರೋಗ ಬಂದ ವರ್ಷವೂ ಕಂತಿನ ದಿನಾಂಕ ಮುಂದೆ ಹೋಗುವುದಿಲ್ಲ. ಎಲೆಚುಕ್ಕೆ, ಹಳದಿ ಎಲೆ ರೋಗ ತಗಲಿದ ಅಡಿಕೆ ತೋಟಗಳವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಏಳು ವರ್ಷದ ಸಾಲ ಎಂದರೆ ಏಳು ಮಳೆಗಾಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಾಗ, ಏರಿದ ಬೆಲೆ ಹಾಗೆಯೇ ಇರುತ್ತದೆಂದು ನಂಬಿ ಸಾಲ ಮಾಡಿದವರ ಪಾಡನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದ್ದರಿಂದ ಮೂರು ವರ್ಷ, ಹೆಚ್ಚೆಂದರೆ ಐದು. ಏಳು ವರ್ಷಕ್ಕೆ ಎಳೆದರೆ ಮಾತ್ರ ಕಂತು ಕೈಗೆಟುಕುವುದಾದರೆ ಆ ಗಾಡಿ ಕೈಗೆಟುಕಲಿಲ್ಲವೆಂದೇ ಅರ್ಥ.

ಕಂತು ತಪ್ಪಿದರೆ ಏನಾಗುತ್ತದೆ? 2024ರ ಏಪ್ರಿಲ್‌ನಿಂದೀಚಿನ ಸಾಲಗಳಲ್ಲಿ ದಂಡವನ್ನು ಬಡ್ಡಿಯಾಗಿ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ; ಶುಲ್ಕವೆಂದು ಪ್ರತ್ಯೇಕವಾಗಿ ತೋರಿಸಬೇಕು. ಗಾಡಿ ಹಿಡಿಯಲು ಗೂಂಡಾಗಳನ್ನು ಕಳಿಸುವುದನ್ನು ಸುಪ್ರೀಂ ಕೋರ್ಟು 2007ರಲ್ಲೇ ಖಂಡಿಸಿದೆ. ಇವೆಲ್ಲ ನಿಜವಾದರೂ, ತಪ್ಪಿದ ಕಂತು ನಿಮ್ಮ ಸಾಲದ ಚರಿತ್ರೆಯಲ್ಲಿ ದಾಖಲಾಗುತ್ತದೆ, ಮುಂದೆ ಬೋರ್‌ವೆಲ್ಲಿಗೋ ಕಣಕ್ಕೋ ಸಾಲ ಕೇಳಲು ಹೋದಾಗ ಅದೇ ಅಡ್ಡ ನಿಲ್ಲುತ್ತದೆ.

ಒಳ್ಳೆಯ ಫಸಲು ಬಂದ ವರ್ಷ ಸಾಲವನ್ನು ಮುಂಚಿತವಾಗಿ ತೀರಿಸುವ ಅವಕಾಶ ಬೆಳೆಗಾರನಿಗೆ ಎಲ್ಲಕ್ಕಿಂತ ಮುಖ್ಯ. ಬದಲಾಗುವ ಬಡ್ಡಿ ದರದ ಸಾಲವನ್ನು ಸ್ವಂತ ಉಪಯೋಗಕ್ಕೆ ಪಡೆದ ವ್ಯಕ್ತಿಗಳಿಗೆ, 2026ರ ಜನವರಿ 1ರಿಂದ ಮಂಜೂರಾದವುಗಳಲ್ಲಿ, ಮುಂಚೆ ತೀರಿಸಿದ್ದಕ್ಕೆ ಶುಲ್ಕ ಹಾಕುವಂತಿಲ್ಲ. ಆದರೆ ಕಾರು ಸಾಲಗಳಲ್ಲಿ ಅನೇಕವು ನಿಶ್ಚಿತ ದರದವು. ಅವಕ್ಕೆ ಶುಲ್ಕ ಇರಬಹುದು. ಮೇಲಿನ 6 ಲಕ್ಷದ ಸಾಲದಲ್ಲಿ ಒಂದು ವರ್ಷದ ಬಳಿಕ ಉಳಿಯುವ ಬಾಕಿ ಸುಮಾರು 5 ಲಕ್ಷ. ಅದರ ಮೇಲೆ ಶೇಕಡಾ 4 ಎಂದರೆ 20,000. ಸಹಿಗೆ ಮೊದಲು ಇದೊಂದನ್ನು ಕೇಳದೆ ಬರಬೇಡಿ: 'ಮುಂದಿನ ಮಾರ್ಚಿನಲ್ಲಿ ಎರಡು ಲಕ್ಷ ಒಟ್ಟಿಗೆ ಕಟ್ಟಿದರೆ ಏನು ಹಾಕುತ್ತೀರಿ?'

ನಗದು ಕೊಡುವುದಾದರೆ

ನಗದೆಂದರೆ ನೋಟಿನ ಕಟ್ಟಲ್ಲ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನೋಟಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ನಾಲ್ಕು ದಿನ ನಾಲ್ಕು ರಸೀದಿ ಮಾಡಿದರೂ ಗಾಡಿ ಒಂದೇ ಆದ್ದರಿಂದ ವ್ಯವಹಾರವೂ ಒಂದೇ. ಚೆಕ್, ಡ್ರಾಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ, ಶೋರೂಮಿನ ಸಂಸ್ಥೆಯ ಖಾತೆಗೇ ಹಾಕಿ. ಮಾರಾಟದ ಹುಡುಗನ ಸ್ವಂತ ನಂಬರಿಗೆ, ಬುಕ್ಕಿಂಗ್ ಹಣವೇ ಆದರೂ, ಬೇಡ.

10 ಲಕ್ಷ ಮೀರಿದ ಗಾಡಿಗೆ ಮಾರಾಟಗಾರರು ಬೆಲೆಯ ಶೇಕಡಾ 1ನ್ನು ತೆರಿಗೆಯೆಂದು ವಸೂಲು ಮಾಡಿ ನಿಮ್ಮ ಪ್ಯಾನ್ ಹೆಸರಿಗೆ ಜಮೆ ಮಾಡುತ್ತಾರೆ. ಇದು ಹೋದ ಹಣವಲ್ಲ. ತೆರಿಗೆ ಬಾರದವರು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಕೃಷಿ ಆದಾಯ ಮಾತ್ರ ಇರುವ ನಮ್ಮವರು ರಿಟರ್ನ್ ಹಾಕುವ ರೂಢಿಯಿಲ್ಲದೆ ಇದನ್ನು ಬಿಟ್ಟುಬಿಡುತ್ತಾರೆ. 12 ಲಕ್ಷದ ಗಾಡಿಗೆ 12,000 ರೂಪಾಯಿ. ಎಷ್ಟು ಮೂಟೆ ಗೊಬ್ಬರವಾಯಿತೆಂದು ನೀವೇ ಎಣಿಸಿ.

ಮುಂದೆ ಕೊಳ್ಳುವವರಿಗೆ ಹಳೆಯ ಒಂದು ದಾರಿಯೂ ಇದೆ. ಸಿಂಡಿಕೇಟ್ ಬ್ಯಾಂಕು 1928ರಲ್ಲೇ ನಮ್ಮ ಕರಾವಳಿಯಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆ ಕೂಡಿಡುವುದನ್ನು ಜನರಿಗೆ ಕಲಿಸಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋದರೂ ಆ ಅಭ್ಯಾಸ ಹಳ್ಳಿ ಪೇಟೆಗಳಲ್ಲಿ ಉಳಿದಿದೆ. ಎರಡು ಫಸಲಿನಿಂದ ಕಾರಿನ ಹೆಸರಿನಲ್ಲೇ ಎತ್ತಿಟ್ಟು ಮೂರನೆಯದಕ್ಕೆ ಕೊಂಡವನಿಗೆ ಬಡ್ಡಿ ಬರುತ್ತದೆಯೇ ಹೊರತು ಹೋಗುವುದಿಲ್ಲ.

ಕೊನೆಯ ಕಂತು ಕಟ್ಟಿದ ಮೇಲೆ

ಸಾಲದ ಗಾಡಿಯ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಹೈಪೋಥಿಕೇಶನ್ ಎಂದು ದಾಖಲಾಗಿರುತ್ತದೆ. ಕೊನೆಯ ಕಂತು ಕಟ್ಟಿದೊಡನೆ ಅದು ತಾನಾಗಿ ಅಳಿಸಿಹೋಗುವುದೆಂದು ಎಷ್ಟೋ ಮಂದಿ ನಂಬಿದ್ದಾರೆ. ಹತ್ತು ವರ್ಷದ ಮೇಲೆ ಗಾಡಿ ಮಾರಲು ಹೊರಟಾಗ, ಆ ಫೈನಾನ್ಸ್ ಕಂಪೆನಿಯ ಕಚೇರಿಯೇ ಊರಲ್ಲಿ ಇಲ್ಲವಾದಾಗ, ಅಲೆದಾಟ ಶುರುವಾಗುತ್ತದೆ. ಸಾಲ ತೀರಿದ ಪತ್ರವನ್ನೂ, ನಮೂನೆ 35ಕ್ಕೆ ಅವರ ಸಹಿ ಮೊಹರನ್ನೂ ಪಡೆದು ಆರ್‌ಟಿಒದಲ್ಲಿ ಹೆಸರು ತೆಗೆಸಬೇಕು. ವಿಮಾ ಪಾಲಿಸಿಯಲ್ಲೂ ತೆಗೆಸಬೇಕು, ಇಲ್ಲವಾದರೆ ಅಪಘಾತದ ಪರಿಹಾರದ ಚೆಕ್ಕು ತೀರಿದ ಸಾಲದವರ ಹೆಸರಿಗೇ ಹೋಗಿ ಕುಳಿತೀತು. ಸಹಿ ಹಾಕುವಾಗ ಖಾಲಿ ಚೆಕ್ಕುಗಳನ್ನು ಕೊಟ್ಟಿದ್ದರೆ ಎಣಿಸಿ ವಾಪಸು ಪಡೆಯಿರಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಿ ಒತ್ತೆ ತೆಗೆಸಬೇಕೆಂದು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಕೊನೆಯ ಕಂತಿನ ರಸೀದಿಯ ಹಿಂಬದಿಯಲ್ಲಿ ಆ ಮೂವತ್ತನೆಯ ದಿನದ ತಾರೀಕನ್ನು ಅಂದೇ ಬರೆದಿಟ್ಟುಕೊಳ್ಳಿ.